ದೀಕ್ಷಾಸ್ನಾನಕ್ಕೆ ಮೊದಲು

ಅರಕೆರೆ
೧೨ ಆಗಸ್ಟ್ ೨೦೨೪

ಸರಸಮ್ಮತ್ತೆಗೆ,

ನಾನು ಯಶೋಧ, ಕ್ಯಾತನಹಳ್ಳಿಯ ನಿಮ್ಮಣ್ಣ ಚಿಕ್ಕಬೀರಯ್ಯನ ಮಗಳು. ಅಪ್ಪ ನಿಮ್ಮ ಜೊತೆ ಮಾತು ಬಿಟ್ಟಾಗ ನಾನಿನ್ನೂ ಲಂಗ ಹಾಕಿಕೊಂಡು ಓಡಾಡುತ್ತಿದ್ದೆ, ಈಗ ಎರಡು ಮಕ್ಕಳ ತಾಯಿ. ಇವಳು ಫೋನು ಮಾಡದೆ ಕಾಗದ ಬರೆದಳಲ್ಲ ಅಂತ ಗಾಬರಿಯಾಗಬೇಡಿ. ನಿಮಗೆ ಕಿವಿ ಮಂದವಾಗಿದೆ, ಫೋನಿನಲ್ಲಿ ಕೂಗಬೇಕು ಅಂತ ಕೇಳಿದೆ. ನಾನು ಕೂಗಿದರೆ ನಿಮಗೆ ಕೇಳಿಸುವ ಮೊದಲು ಅರ್ಧ ಅರಕೆರೆಗೆ ಕೇಳಿಸುತ್ತದೆ. ಅದಕ್ಕೇ ಕಾಗದ. ನೀವು ಬರೆಯುವುದಾದರೆ ಹಾಲಿನ ಡೈರಿಯ ವಿಳಾಸಕ್ಕೆ ಬರೆಯಿರಿ. ನಾನು ಅಲ್ಲೇ ಹಾಲು ಟೆಸ್ಟ್ ಮಾಡುವ ಕೆಲಸದಲ್ಲಿದ್ದೇನೆ, ಅಂಚೆಯವನು ನನ್ನ ಕೈಗೇ ಕೊಡುತ್ತಾನೆ.

ವಿಷಯಕ್ಕೆ ಬರುತ್ತೇನೆ. ಒಂದು ವರ್ಷದಿಂದ ಶ್ರೀರಂಗಪಟ್ಟಣದಲ್ಲಿ ದಿವ್ಯ ಟೀಚರ್ ಮನೆಯ ಗುರುವಾರದ ಪ್ರಾರ್ಥನೆಗೆ ಹೋಗುತ್ತಿದ್ದೇನೆ. ಅದು ನಿಮ್ಮ ನಾಗಮಂಗಲದ ಸಭೆಗೇ ಸೇರಿದ್ದು ಅಂತ ಆಮೇಲೆ ಗೊತ್ತಾಯಿತು. ರೋಗ ವಾಸಿಯಾಗಲಿ ಅಂತಲೋ ಯಾರೋ ಏನೋ ಕೊಡುತ್ತಾರೆ ಅಂತಲೋ ಹೋದವಳಲ್ಲ ನಾನು. ತಮ್ಮ ರಾಮು ನಾಲೆಯಲ್ಲಿ ಹೋದ ಮೇಲೆ ನಮ್ಮ ಮನೆಯಲ್ಲಿ ಯಾರೂ ಅವನ ಹೆಸರು ಎತ್ತುವುದಿಲ್ಲ. ಎತ್ತಿದರೆ ಅಪ್ಪ ಎದ್ದು ಹೊರಗೆ ಹೋಗುತ್ತಾರೆ. ದಿವ್ಯ ಟೀಚರ್ ಮನೆಯಲ್ಲಿ ಮೊದಲ ದಿನ ಅವರು ಕೇಳಿದ್ದು, ಮನಸ್ಸಿನಲ್ಲಿ ಏನಿದೆ ಅಂತ. ನಾನು ರಾಮು ಅಂದೆ. ಅಷ್ಟೇ ಅಂದು ಅತ್ತುಬಿಟ್ಟೆ. ಅವರು ಹೇಳಿದರು, ಸಾವು ಕೊನೆಯಲ್ಲ, ಯೇಸು ಸತ್ತು ಹೂಣಿಸಿಕೊಂಡು ಎದ್ದು ಬಂದಿದ್ದಾನೆ ಅಂತ. ಆ ಮಾತನ್ನು ನಾನು ನಂಬಿದೆ ಅತ್ತೆ. ಈಗಲೂ ನಂಬುತ್ತೇನೆ.

ದೀಕ್ಷಾಸ್ನಾನ ಬೇಕು ಅಂತ ಕೇಳಿದ್ದೇನೆ. ಸಭೆಯ ಹಿರಿಯರು ನವೆಂಬರಿನಲ್ಲಿ ಅಂದಿದ್ದಾರಂತೆ. ಎರಡು ಸಂಕಟ ಇವೆ. ಒಂದು, ನೀರು. ಹೊಳೆಯಲ್ಲಿ ಪೂರ್ತಿ ಮುಳುಗಿಸುತ್ತಾರೆ ಅಂತ ಟೀಚರ್ ಹೇಳಿದರು. ರಾಮು ಹೋದ ಮೇಲೆ ನಾನು ಬಕೆಟ್ಟಿನಲ್ಲಿ ಮುಖ ತೊಳೆಯುವಾಗಲೂ ಕಣ್ಣು ಮುಚ್ಚುವುದಿಲ್ಲ. ತಲೆಯ ಮೇಲೆ ನಾಲ್ಕು ಹನಿ ಚಿಮುಕಿಸಿದರೆ ಆಗುವುದಿಲ್ಲವೇ? ಬೇರೆ ಚರ್ಚುಗಳಲ್ಲಿ ಹಾಗೆ ಮಾಡುತ್ತಾರಂತಲ್ಲ.

ಎರಡನೆಯದನ್ನು ಟೀಚರಿಗೆ ಕೇಳಲು ಧೈರ್ಯ ಬರಲಿಲ್ಲ, ನಿಮಗೆ ಕೇಳುತ್ತೇನೆ. ನಂಬಿದವರಿಗೆ ಮಾತ್ರ ರಕ್ಷಣೆ ಅನ್ನುತ್ತಾರೆ. ರಾಮು ಯೇಸುವಿನ ಹೆಸರು ಸರಿಯಾಗಿ ಕೇಳಿಯೇ ಇರಲಿಲ್ಲ. ಎಮ್ಮೆ ಮೈತೊಳೆಯಲು ಇಳಿದವನು ಮೇಲೆ ಬರಲಿಲ್ಲ. ಅವನು ಈಗ ಎಲ್ಲಿದ್ದಾನೆ?

ಯಶೋಧ

———

ನಾಗಮಂಗಲ
೨೪ ಆಗಸ್ಟ್ ೨೦೨೪

ಪ್ರಿಯ ಯಶೋಧ, ಕರ್ತನ ನಾಮದಲ್ಲಿ ನಿನಗೂ ಮಕ್ಕಳಿಗೂ ಸಮಾಧಾನವಾಗಲಿ.

ನಿನ್ನ ಅಕ್ಷರ ನೋಡಿ ಎಷ್ಟೋ ಹೊತ್ತು ಕಾಗದ ಹಿಡಿದುಕೊಂಡೇ ಕೂತಿದ್ದೆ. ನಮ್ಮ ಮನೆಯಿಂದ ನನಗೆ ಕಾಗದ ಬಂದು ಯಾವ ಕಾಲವಾಯಿತು. ಅಣ್ಣನ ಮೊಣಕಾಲು ನೋವು ಹೇಗಿದೆ? ನಾನು ಕೇಳಿದೆ ಅಂತ ಹೇಳುವುದು ಬೇಡ, ಸುಮ್ಮನೆ ನನಗೆ ಬರೆ.

ನೀನು ಕೇಳಿದ್ದಕ್ಕೆ ಹೇಳುತ್ತೇನೆ. ಚಿಮುಕಿಸುವುದು ನಮ್ಮ ಸಭೆಯಲ್ಲಿ ಇಲ್ಲ. ಬೇರೆಯವರು ಮಾಡುತ್ತಾರೆ, ಅವರನ್ನು ಹಳಿಯುವುದೂ ಇಲ್ಲ. ದೀಕ್ಷಾಸ್ನಾನ ಅಂದರೆ ಹಳೆಯ ಮನುಷ್ಯನನ್ನು ಹೂಳುವುದು. ಹೆಣದ ಮೇಲೆ ಒಂದು ಹಿಡಿ ಮಣ್ಣು ಎರಚಿ ಮನೆಗೆ ಬಂದರೆ ಹೂತಂತೆ ಆಗುತ್ತದೆಯೇ? ಪೂರ್ತಿ ಮುಳುಗಬೇಕು, ಪೂರ್ತಿ ಎದ್ದು ಬರಬೇಕು. ಹಸುಗೂಸುಗಳಿಗೂ ನಮ್ಮಲ್ಲಿ ಮಾಡುವುದಿಲ್ಲ. ತಾನೇ ತಿಳಿದು, ತಾನೇ ಬಾಯಿಬಿಟ್ಟು ನಂಬುತ್ತೇನೆ ಅನ್ನಬೇಕು. ಮೈತೊಳೆದು ಪಾಪ ಕಳೆಯುವ ಸ್ನಾನ ಅಂತ ತಿಳಿಯಬೇಡ, ನೀರಿಗೆ ಆ ಶಕ್ತಿ ಇಲ್ಲ. ಒಳಗೆ ಆಗಿದ್ದನ್ನು ಹೊರಗೆ ತೋರಿಸುವುದು ಅಷ್ಟೇ.

ಅದಾದ ಮೇಲೇ ಕರ್ತನ ಮೇಜು. ಪ್ರತಿ ಭಾನುವಾರ ಒಂದೇ ರೊಟ್ಟಿ ಇಟ್ಟು ಮುರಿಯುತ್ತಾರೆ. ತಟ್ಟೆ ಕೈಯಿಂದ ಕೈಗೆ ಹೋಗುತ್ತದೆ, ಆಮೇಲೆ ಒಂದೇ ಪಾತ್ರೆಯಲ್ಲಿ ದ್ರಾಕ್ಷಿ ರಸ. ದೀಕ್ಷಾಸ್ನಾನ ಆಗದವರು ಹಿಂದೆ ಕೂತು ನೋಡುತ್ತಾರೆ. ನನಗೆ ವಾರವೆಲ್ಲ ಉಸಿರಾಡಲು ಆಗುವುದು ಆ ತುಂಡು ರೊಟ್ಟಿಯಿಂದ ಅಂದರೆ ನೀನು ನಗಬಹುದು. ಹೆಂಗಸರು ತಲೆಗೆ ಸೆರಗು ಹೊದೆಯುತ್ತೇವೆ, ಸಭೆಯ ಮಧ್ಯೆ ಎದ್ದು ಮಾತಾಡುವುದಿಲ್ಲ. ಹೆಸರು ಬದಲಾಯಿಸು ಅಂತ ಯಾರೂ ಹೇಳುವುದಿಲ್ಲ. ನಮ್ಮ ಹಿರಿಯರ ಹೆಸರೇ ಶಿವಲಿಂಗಯ್ಯ, ಬೂಕನಕೆರೆಯವರು. ಸಂಬಳ ತೆಗೆದುಕೊಳ್ಳುವ ಪಾಸ್ಟರು ಅಂತ ನಮ್ಮಲ್ಲಿ ಇಲ್ಲ, ಹಿರಿಯರೇ ನಡೆಸುತ್ತಾರೆ.

ಒಂದು ಮಾತು ಗಟ್ಟಿಯಾಗಿ ಕೇಳಿಸಿಕೋ. ಗಂಡನಿಗೆ ತಿಳಿಸದೆ ಬಂದ ಹೆಂಗಸನ್ನು ಹಿರಿಯರು ನೀರಿಗೆ ಇಳಿಸುವುದಿಲ್ಲ. ನಿಂಗರಾಜು ಒಪ್ಪಬೇಕು ಅಂತಲ್ಲ, ಅವನಿಗೆ ಗೊತ್ತಿರಬೇಕು. ನೀನು ಹೇಳಿದ್ದೀಯಾ?

ದಿನವೂ ಪ್ರಾರ್ಥನೆ ಮಾಡು. ನೀರಿನ ಭಯವನ್ನು ಕರ್ತನಿಗೆ ಒಪ್ಪಿಸು.

ನಿನ್ನ ಅತ್ತೆ
ಸರಸಮ್ಮ

———

ಅರಕೆರೆ
೮ ಸೆಪ್ಟೆಂಬರ್ ೨೦೨೪

ಅತ್ತೆಗೆ,

ಅಪ್ಪನ ಮೊಣಕಾಲು ಹಾಗೇ ಇದೆ. ಡಾಕ್ಟರು ನಡೆಯಬೇಡಿ ಅಂದರೆ ಗದ್ದೆಗೆ ಹೋಗುತ್ತಾರೆ, ನಡೆಯಿರಿ ಅಂದರೆ ಜಗುಲಿ ಬಿಟ್ಟು ಏಳುವುದಿಲ್ಲ. ನಿಮಗೆ ಗೊತ್ತಿರುವ ಮನುಷ್ಯರೇ.

ನಿಮ್ಮ ಕಾಗದವನ್ನು ಡೈರಿಯಲ್ಲಿ ಹಾಲು ಹಾಕುವವರು ಬರುವ ಮೊದಲು ಓದಿದೆ, ಹೋದ ಮೇಲೆ ಓದಿದೆ. ರೊಟ್ಟಿ ಬಗ್ಗೆ ಬರೆದಿದ್ದೀರಿ, ಸೆರಗಿನ ಬಗ್ಗೆ ಬರೆದಿದ್ದೀರಿ, ಅಪ್ಪನ ಮೊಣಕಾಲಿನ ಬಗ್ಗೆ ಕೂಡ. ರಾಮು ಬಗ್ಗೆ ಒಂದು ಸಾಲೂ ಇಲ್ಲ. ಕಾಗದ ತಿರುಗಿಸಿ ಹಿಂದೆಯೂ ನೋಡಿದೆ. ಮರೆತಿರಿ ಅಂದುಕೊಂಡು ಮತ್ತೆ ಕೇಳುತ್ತಿದ್ದೇನೆ. ಅವನನ್ನು ಹೂಳುವ ದಿನ ನೀವು ಬಂದು ದೂರದಲ್ಲಿ ಹೊಂಗೆ ಮರದ ಹತ್ತಿರ ನಿಂತಿದ್ದಿರಿ. ಅಪ್ಪ ನೋಡಿದರೂ ಕರೆಯಲಿಲ್ಲ. ನಾನು ಕರೆಯಬೇಕಿತ್ತು, ಆಗ ನನಗೆ ಯಾರೂ ಕಾಣಿಸುತ್ತಿರಲಿಲ್ಲ.

ನಮ್ಮ ಯಜಮಾನರಿಗೆ ಹೇಳಿದ್ದೀಯಾ ಅಂತ ಕೇಳಿದ್ದೀರಿ. ಹೇಳಿದ್ದೇನೆ. ಟೀಚರ್ ಮನೆಗೆ ಪ್ರಾರ್ಥನೆಗೆ ಹೋಗುತ್ತೇನೆ ಅಂತ ಅವರಿಗೆ ಗೊತ್ತು. ಗುರುವಾರ ಅವರ ಗೂಡ್ಸ್ ಗಾಡಿಯಲ್ಲೇ ಎಷ್ಟೋ ಸಲ ಇಳಿಸಿದ್ದಾರೆ.

ಈಗ ಇನ್ನೊಂದು ಬಂದಿದೆ. ಪಿತೃಪಕ್ಷದ ಅಮಾವಾಸ್ಯೆಗೆ ಕ್ಯಾತನಹಳ್ಳಿಗೆ ಹೋಗಬೇಕು. ಅವ್ವ ಹಿರಿಯರಿಗೆಲ್ಲ ಎಡೆ ಇಟ್ಟು ಕೊನೆಯಲ್ಲಿ ರಾಮುಗೆ ಬೇರೆ ಎಲೆ ಹಾಕುತ್ತಾಳೆ. ಮುದ್ದೆ, ಸಾರಿನ ಜೊತೆ ಪಾಂಡವಪುರದ ಬೇಕರಿಯಿಂದ ತಂದ ಎಗ್ ಪಫ್ಸು, ಒಂದು ಬಾಟಲಿ ಕಿತ್ತಳೆ ಜ್ಯೂಸು. ಬಾಗಿಲು ಹಾಕಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಅವನು ಬಂದು ಉಂಡು ಹೋದ ಮೇಲೆ ಬಾಗಿಲು ತೆಗೆದು ಆ ಎಲೆಗೆ ನಾನು ಕೂರುತ್ತೇನೆ. ಪ್ರತಿ ವರ್ಷ ಅವನ ಎಲೆ ನನ್ನದೇ. ಎಡೆ ಇಟ್ಟದ್ದನ್ನು ತಿನ್ನಬಾರದು ಅಂತ ಟೀಚರ್ ಮನೆಯಲ್ಲಿ ಒಬ್ಬರು ಅಂದರು. ನನ್ನ ತಮ್ಮನ ಎಲೆಗೂ ಅದೇ ಲೆಕ್ಕವೇ? ನೀವು ಹೇಳಿದ ಹಾಗೆ ಮಾಡುತ್ತೇನೆ.

ಯಶೋಧ

———

ನಾಗಮಂಗಲ
೧೯ ಸೆಪ್ಟೆಂಬರ್ ೨೦೨೪

ಪ್ರಿಯ ಯಶೋಧ,

ಸ್ವಲ್ಪ ಮೈ ಸರಿಯಿರಲಿಲ್ಲ, ಅದಕ್ಕೆ ತಡ. ಈಗ ಚೆನ್ನಾಗಿದ್ದೇನೆ, ಯೋಚನೆ ಮಾಡಬೇಡ.

ಎಡೆಯ ಊಟ ಬೇಡ. ಸತ್ತವರು ಬಂದು ಉಣ್ಣುತ್ತಾರೆ ಅಂತ ನಾವು ನಂಬುವುದಿಲ್ಲ, ನಂಬದೆ ಉಣ್ಣುವುದು ಅವ್ವನಿಗೂ ಮೋಸ. ಆದರೆ ಹಬ್ಬಕ್ಕೆ ಹೋಗು. ಅವ್ವನ ಜೊತೆ ಒಲೆ ಮುಂದೆ ಕೂರು, ಕಾಯಿ ತುರಿ, ಪಾತ್ರೆ ಬೆಳಗು. ಬಾಯಿಗೆ ಹಾಕುವುದೊಂದನ್ನು ಬಿಟ್ಟು ಉಳಿದ ಕೆಲಸವೆಲ್ಲ ಮಾಡು. ಅವ್ವನಿಗೆ ಮೆಲ್ಲಗೆ ತಿಳಿಸು.

ಪ್ರಾರ್ಥನೆಗೆ ಹೋಗುವುದು ಅವನಿಗೆ ಗೊತ್ತು ಅಂತ ಬರೆದಿದ್ದೀಯ. ಹೊಳೆಗೆ ಇಳಿಯುವುದು ಗೊತ್ತೇ? ಅದನ್ನು ಬರೆಯಲಿಲ್ಲ ನೀನು. ತಾರೀಖು ನವೆಂಬರ್ ಇಪ್ಪತ್ತನಾಲ್ಕು ಅಂತ ಗೊತ್ತುಮಾಡಿದ್ದಾರೆ. ಶ್ರೀರಂಗಪಟ್ಟಣದ ಕೆಳಗೆ ಹೊಳೆ ಅಗಲವಾಗಿ ಹರಿಯುವ ಕಡೆ. ಸೊಂಟದ ಮಟ್ಟ ನೀರು, ಮರಳಿನ ನೆಲ.

ರಾಮು ವಿಷಯ ಕರ್ತನಿಗೆ ಬಿಟ್ಟದ್ದು. ಅವನು ನ್ಯಾಯವಂತ. ಅದರ ಮೇಲೆ ನಾವು ಮಾತಾಡದಿರುವುದು ಒಳ್ಳೆಯದು.

ಸರಸಮ್ಮ

———

ಅರಕೆರೆ
೪ ಅಕ್ಟೋಬರ್ ೨೦೨೪

ಅತ್ತೆಗೆ,

ನೀವು ಹೇಳಿದಂತೆಯೇ ಮಾಡಿದೆ. ಕಾಯಿ ತುರಿದೆ, ಪಾತ್ರೆ ಬೆಳಗಿದೆ. ಮೆಲ್ಲಗೆ ತಿಳಿಸುವುದು ಮಾತ್ರ ಆಗಲಿಲ್ಲ. ಬೆಳಗಿನಿಂದ ಬಾಯಿಗೆ ಬರುತ್ತಿತ್ತು, ಅವ್ವನ ಮುಖ ನೋಡಿ ನುಂಗಿಕೊಳ್ಳುತ್ತಿದ್ದೆ. ಬಾಗಿಲು ಹಾಕಿದರು, ಹೊರಗೆ ನಿಂತೆವು. ಬಾಗಿಲು ತೆಗೆದರು. ಎಲ್ಲರೂ ಕೂತರು. ರಾಮು ಎಲೆಯ ಮುಂದೆ ಮಣೆ ಖಾಲಿ ಇತ್ತು. ಅವ್ವ ನನ್ನನ್ನೇ ನೋಡುತ್ತಿದ್ದಳು. ನಾನು ನಿಂತುಕೊಂಡೇ ಹೇಳಿದೆ, ನನಗೆ ಆಗುವುದಿಲ್ಲ ಅವ್ವ ಅಂತ.

ಅವ್ವ ಮೊದಲು ಹೊಟ್ಟೆ ಸರಿಯಿಲ್ಲ ಅಂದುಕೊಂಡು ಮಜ್ಜಿಗೆ ತರಲು ಎದ್ದಳು. ಆಮೇಲೆ ತಿಳಿಯಿತು. ಬೈಯಲಿಲ್ಲ. ಬೈದಿದ್ದರೆ ನಾನೂ ಎರಡು ಮಾತಾಡಿ ಹಗುರಾಗುತ್ತಿದ್ದೆ.

“ನೀನು ಕೂರ್ನಿಲ್ಲ ಅಂದ್ರೆ ನನ್ನ ಮಗ ಅಸ್ಕೊಂಡೇ ಒಂಟೋಯ್ತಾನೆ ಕಣವ್ವ,” ಅಂದಳು.

ಅಷ್ಟೇ ಅಂದಿದ್ದು. ಪಫ್ಸನ್ನು ತೆಗೆದುಕೊಂಡು ಹೋಗಿ ಹೆಂಚಿನ ಮೇಲೆ ಕಾಗೆಗೆ ಇಟ್ಟಳು. ಅಪ್ಪ ಊಟ ಬಿಟ್ಟು ಎದ್ದರು. ನಿಮ್ಮ ಹೆಸರು ಹೇಳಿದರು, ಬಹಳ ವರ್ಷದ ಮೇಲೆ ಅವರ ಬಾಯಲ್ಲಿ ನಿಮ್ಮ ಹೆಸರು ಕೇಳಿದೆ. ಏನಂದರು ಅಂತ ಬರೆಯುವುದಿಲ್ಲ. ನಮ್ಮ ಯಜಮಾನರು ಮಕ್ಕಳನ್ನು ಗಾಡಿಗೆ ಹತ್ತಿಸಿದರು. ದಾರಿಯಲ್ಲಿ ನಾಲೆ ಪಕ್ಕದ ರಸ್ತೆ ಮುಗಿಯುವ ತನಕ ನಾನು ಕಣ್ಣು ಮುಚ್ಚಿಕೊಂಡಿದ್ದೆ.

ಅವನು ಬಂದು ಉಣ್ಣುವುದಿಲ್ಲ ಅಂತ ನನಗೂ ಗೊತ್ತು ಅತ್ತೆ. ಆದರೆ ಆ ಮನೆಯಲ್ಲಿ ವರ್ಷಕ್ಕೆ ಒಂದು ದಿನ ಅವನಿಗೆ ಒಂದು ಜಾಗ ಇತ್ತು. ಅದನ್ನು ನಾನು ತೆಗೆದೆ. ನಿಮ್ಮ ಸಭೆಯಲ್ಲಿ ಅವನಿಗೆ ಯಾವ ಜಾಗ ಕೊಡುತ್ತೀರಿ? ಮಾತಾಡದಿರುವುದು ಒಳ್ಳೆಯದು ಅಂತ ಬರೆದಿದ್ದೀರಿ. ಯಾರಿಗೆ ಒಳ್ಳೆಯದು? ನಮ್ಮಪ್ಪ ಮಾಡುವುದೂ ಅದೇ, ಹೆಸರು ಎತ್ತಿದರೆ ಎದ್ದು ಹೋಗುವುದು. ಅವರನ್ನು ಬಿಟ್ಟು ನಿಮ್ಮ ಹತ್ತಿರ ಬಂದರೆ ನೀವೂ ಅವರ ತಂಗಿಯೇ ಆದಿರಿ.

ಒಂದೇ ಒಂದು ಮಾತು ಬರೆಯಿರಿ. ರಾಮು ನರಕದಲ್ಲಿದ್ದಾನೆಯೇ? ಹೌದು ಅಂದರೆ ಹೌದು ಅನ್ನಿ. ನಾನು ಯಾವ ನೀರಿಗೆ ಇಳಿಯುತ್ತಿದ್ದೇನೆ ಅಂತ ತಿಳಿದಾದರೂ ಇಳಿಯುತ್ತೇನೆ, ಇಲ್ಲ ದಡದಲ್ಲೇ ನಿಲ್ಲುತ್ತೇನೆ.

ಯಶೋಧ

———

ಅರಕೆರೆ
೨ ನವೆಂಬರ್ ೨೦೨೪

ಅತ್ತೆಗೆ,

ಒಂದು ತಿಂಗಳಾಗುತ್ತಾ ಬಂತು, ನಿಮ್ಮ ಕಾಗದ ಇಲ್ಲ. ಮೊದಲು ಅಂಚೆಯವನ ಮೇಲೆ ಸಿಟ್ಟು ಬಂತು. ಅವನು ಬ್ಯಾಗು ಬಿಚ್ಚಿ ತೋರಿಸಿದ. ಆಮೇಲೆ ನನ್ನ ಮೇಲೇ ಸಿಟ್ಟು ಬಂತು. ಅವರ ತಂಗಿಯೇ ಆದಿರಿ ಅಂತ ಬರೆಯಬಾರದಿತ್ತು. ನಿಮ್ಮನ್ನು ಮನೆಯಿಂದ ಹೊರಗೆ ಹಾಕಿದವರ ಜೊತೆ ನಿಮ್ಮನ್ನೇ ಕಟ್ಟಿದೆ. ನೀವು ಸಿಟ್ಟಾಗಿದ್ದರೆ ಬೈದು ಬರೆಯಿರಿ. ಮೈ ಸರಿಯಿಲ್ಲದೆ ಇದ್ದರೆ ಯಾರ ಕೈಲಾದರೂ ಬರೆಸಿ. ದಿವ್ಯ ಟೀಚರನ್ನು ಕೇಳಿದೆ, ಸರಸಮ್ಮನವರು ಚೆನ್ನಾಗಿದ್ದಾರೆ ಅಂದವರು ಮಾತು ಬದಲಾಯಿಸಿದರು. ಏಕೆ ಬದಲಾಯಿಸಿದರು ಅಂತ ಯೋಚಿಸಿ ಯೋಚಿಸಿ ನೆನ್ನೆ ಎರಡು ಕ್ಯಾನಿನ ಹಾಲು ಟೆಸ್ಟ್ ಮಾಡದೆ ಸುರಿದೆ.

ಒಂದು ಸಮಾಚಾರ. ನಮ್ಮ ಯಜಮಾನರಿಗೆ ಹೇಳಿಬಿಟ್ಟೆ. ಹೊಳೆಗೆ ಇಳಿಯುವುದನ್ನೂ ಹೇಳಿದೆ. ದೀಪಾವಳಿಗೆ ಗಾಡಿ ತೊಳೆಯುತ್ತಿದ್ದರು, ಹಿಂದೆ ನಿಂತು ಒಂದೇ ಉಸಿರಿನಲ್ಲಿ ಹೇಳಿದೆ. ಹೊಡೆಯುವುದಿಲ್ಲ ಅಂತ ಗೊತ್ತು, ಮಕ್ಕಳನ್ನು ಕರೆದುಕೊಂಡು ಅವರ ಅಕ್ಕನ ಮನೆಗೆ ಹೋಗಿಬಿಡುತ್ತಾರೆ ಅಂತ ಹೆದರಿದ್ದೆ. ಅವರು ಪೈಪು ಬಂದ್ ಮಾಡಿದರು.

“ಮುಳುಗ್ಸೋರು ಯಾರು? ಅವ್ರಿಗೆ ಈಜು ಬತ್ತದಾ?” ಅಂತ ಕೇಳಿದರು.

ನನಗೆ ಗೊತ್ತಿಲ್ಲ ಅಂದೆ. ದೇವರ ವಿಷಯ ಅವರಿಗೆ ಬೇಕಾಗಿಯೇ ಇಲ್ಲ. ಆಳ ಎಷ್ಟು, ಸೆಳೆತ ಎಷ್ಟು, ಅಣೆಕಟ್ಟಿನಿಂದ ಹೊಳೆಗೆ ಯಾವಾಗ ನೀರು ಬಿಡುತ್ತಾರೆ ಅಂತ ಕೇಳಿದರು. ನೀನು ಆ ದಾರಿಗೆ ಹೋಗುವುದು ನನಗೆ ಸರಿಕಾಣುವುದಿಲ್ಲ, ಆದರೆ ಒಬ್ಬಳನ್ನೇ ನೀರಿಗೆ ಕಳಿಸುವುದೂ ಇಲ್ಲ ಅಂದರು. ಹಗ್ಗ ತೆಗೆದುಕೊಂಡು ತಾವೂ ಬರುತ್ತಾರಂತೆ. ರಾಮುವನ್ನು ಹುಡುಕಲು ಆವತ್ತು ಮೊದಲು ನಾಲೆಗೆ ಇಳಿದಿದ್ದು ಇವರೇ ಅಂತ ನಿಮಗೆ ಗೊತ್ತಿರಲಾರದು. ನಾನು ಒಳಗೆ ಬಂದು ಪಾತ್ರೆಗಳ ಮುಂದೆ ಕೂತು ಅತ್ತುಬಿಟ್ಟೆ.

ಹೀಗೆ ಇದ್ದ ಒಂದು ಅಡ್ಡಿ ಹೋಯಿತು. ಇನ್ನೊಂದು ನಿಮ್ಮ ಕೈಯಲ್ಲಿದೆ. ಬೇಗ ಬರೆಯಿರಿ.

ಯಶೋಧ

———

ನಾಗಮಂಗಲ
೯ ನವೆಂಬರ್ ೨೦೨೪

ನನ್ನ ಯಶೋಧ,

ಬರೆಯದೆ ಇರಲಿಲ್ಲ, ಬರೆದು ಬರೆದು ಹರಿದೆ. ನಿನ್ನ ಮೇಲೆ ಸಿಟ್ಟಿಲ್ಲ. ನಿಜವನ್ನು ಬರೆದರೆ ನೀನು ಹಿಂದಕ್ಕೆ ಹೋಗುತ್ತೀಯ ಅಂತ ಭಯ, ಬರೆಯದಿದ್ದರೆ ನೀನು ನನ್ನನ್ನು ಕಲ್ಲು ಅಂದುಕೊಳ್ಳುತ್ತೀಯ ಅಂತ ಭಯ. ಈಗ ಇರುವುದನ್ನು ಇರುವಂತೆ ಹೇಳುತ್ತೇನೆ.

ನಿನ್ನ ಮೊದಲ ಕಾಗದ ಬಂದ ವಾರ ಶುಕ್ರವಾರದ ಹೆಂಗಸರ ಉಪವಾಸ ಪ್ರಾರ್ಥನೆ ಇತ್ತು. ಎಲ್ಲರೂ ಸರದಿಯಂತೆ ಪ್ರಾರ್ಥಿಸುತ್ತಿದ್ದೆವು. ನನ್ನ ಸರದಿ ಬಂದಾಗ ಬಾಯಿಂದ ರಾಮು ಹೆಸರು ಬಂತು. ಕರ್ತನೇ, ನಮ್ಮ ಹುಡುಗನನ್ನು ಕೈಬಿಡಬೇಡ, ಅವನಿಗೆ ಯಾರೂ ಹೇಳಲಿಲ್ಲ, ಹೇಳಬೇಕಿದ್ದವಳಿಗೆ ಆ ಮನೆಯ ಬಾಗಿಲು ಮುಚ್ಚಿತ್ತು ಅಂತ ಕೇಳಿದೆ. ಸತ್ತವರಿಗಾಗಿ ಪ್ರಾರ್ಥಿಸುವುದು ನಮ್ಮ ಸಭೆಯಲ್ಲಿ ಇಲ್ಲ ಯಶೋಧ. ಬದುಕಿರುವಾಗ ನಂಬಬೇಕು, ಸತ್ತ ಮೇಲೆ ತೀರ್ಪು, ಮಧ್ಯೆ ನಮ್ಮ ಮಾತಿಗೆ ಜಾಗವಿಲ್ಲ ಅಂತ ಕಲಿಸುತ್ತಾರೆ. ನಾನೂ ಎಷ್ಟೋ ಹೆಂಗಸರಿಗೆ ಅದನ್ನೇ ಕಲಿಸಿದ್ದೇನೆ.

ವಿಷಯ ಹಿರಿಯರಿಗೆ ಹೋಯಿತು. ಶಿವಲಿಂಗಯ್ಯನವರು ಮನೆಗೇ ಬಂದರು. ಕೂಗಾಡಲಿಲ್ಲ. ಹೆಂಗಸರ ಮುಂದೆ ತಪ್ಪಾಯಿತು ಅನ್ನಿ ಅಕ್ಕಾ, ಹೊಸಬರು ಗಲಿಬಿಲಿಯಾಗುತ್ತಾರೆ ಅಂತ ಕೇಳಿಕೊಂಡರು. ಆಗಲಿ ಅಂತ ಒಪ್ಪಿದೆ. ಮುಂದಿನ ಶುಕ್ರವಾರ ಎದ್ದು ನಿಂತೆ, ಬಾಯಿ ತೆರೆದೆ, ಮಾತು ಬರಲಿಲ್ಲ. ತಪ್ಪು ಅಂದರೆ ಅವನನ್ನು ನಾನೇ ಇನ್ನೊಂದು ಸಲ ಮುಳುಗಿಸಿದಂತೆ ಅನ್ನಿಸಿತು. ಸುಮ್ಮನೆ ಕೂತೆ. ಅಂದಿನಿಂದ ಮೇಜಿನಿಂದ ನನ್ನನ್ನು ಹೊರಗಿಟ್ಟಿದ್ದಾರೆ. ಹಿಂದಿನ ಚಾಪೆಯಲ್ಲಿ ದೀಕ್ಷಾಸ್ನಾನ ಆಗದವರ ಜೊತೆ ಕೂರುತ್ತೇನೆ. ತಟ್ಟೆ ನನ್ನ ತನಕ ಬರುವುದಿಲ್ಲ. ನಿನಗೆ ರೊಟ್ಟಿಯ ಬಗ್ಗೆ ಅಷ್ಟು ಬರೆದೆನಲ್ಲ, ಆಗ ಇನ್ನೂ ಕೊಡುತ್ತಿದ್ದರು. ಮುಂದಿನ ಕಾಗದದಲ್ಲಿ ಚೆನ್ನಾಗಿದ್ದೇನೆ ಅಂತ ಬರೆದದ್ದು ಸುಳ್ಳು.

ಅವರನ್ನು ಕೆಟ್ಟವರು ಅಂತ ತಿಳಿಯಬೇಡ. ನನಗೆ ಜ್ವರ ಬಂದಾಗ ಶಿವಲಿಂಗಯ್ಯನವರ ಸೊಸೆಯೇ ಗಂಜಿ ತಂದುಕೊಟ್ಟಳು. ಅವರು ನಂಬಿದ್ದನ್ನು ಕಾಯುತ್ತಿದ್ದಾರೆ. ನಾನೂ ಅದನ್ನೇ ನಂಬುತ್ತೇನೆ, ಈ ಒಂದು ಕಡೆ ಮಾತ್ರ ನನ್ನ ಬಾಯಿ ಕೇಳುವುದಿಲ್ಲ. ಸಭೆ ಬಿಟ್ಟು ಹೋಗುವುದಿಲ್ಲ. ಎಲ್ಲಿಗೆ ಹೋಗಲಿ? ಅಣ್ಣನ ಮನೆಯನ್ನು ಬಿಟ್ಟು ಬಂದದ್ದು ಇದಕ್ಕಾಗಿ.

ನೀನು ಕೇಳಿದ್ದಕ್ಕೆ ಉತ್ತರ. ನನಗೆ ಗೊತ್ತಿಲ್ಲ. ಸಭೆ ಕಲಿಸುವುದನ್ನು ಹೇಳಲೇ ಅಂದರೆ ಕೈ ಓಡುವುದಿಲ್ಲ. ಅವನು ಸುಖವಾಗಿದ್ದಾನೆ ಅನ್ನಲೇ ಅಂದರೆ ಅದು ನಾನು ಕಟ್ಟಿದ ಮಾತಾಗುತ್ತದೆ. ಗೊತ್ತಿಲ್ಲದೆಯೇ ದಿನವೂ ಕೇಳಿಕೊಳ್ಳುತ್ತಿದ್ದೇನೆ.

ನನ್ನ ಕಾರಣಕ್ಕೆ ನೀನು ನಿಲ್ಲಬೇಡ. ಹೊಳೆಯ ದಡದಲ್ಲಿ ಹಿರಿಯರು ಪ್ರಶ್ನೆ ಕೇಳುತ್ತಾರೆ. ಯೇಸು ನಿನಗಾಗಿ ಸತ್ತು ಎದ್ದನೆಂದು ನಂಬುತ್ತೀಯಾ, ಪಾಪ ಬಿಟ್ಟಿದ್ದೀಯಾ, ಸಭೆಯ ಬೋಧನೆಯಲ್ಲಿ ನಡೆಯುತ್ತೀಯಾ. ಮೂರಕ್ಕೂ ಹೌದು ಅಂದು ಇಳಿ. ರಾಮು ಮಾತು ಅಲ್ಲಿ ಎತ್ತಬೇಡ. ಮನಸ್ಸಿನ ಒಳಗೆ ಇರಲಿ. ಒಬ್ಬಳು ಹೊರಗೆ ಕೂತಿದ್ದು ಸಾಕು.

ನಿಂಗರಾಜು ಹಗ್ಗ ತರುತ್ತಾನೆ ಅಂತ ಓದಿ ನಕ್ಕೆ. ತುಂಬಾ ದಿನದ ಮೇಲೆ ನಕ್ಕಿದ್ದು.

ಅತ್ತೆ

———

ಅರಕೆರೆ
೨೬ ನವೆಂಬರ್ ೨೦೨೪

ಅತ್ತೆ,

ಚಿಕ್ಕವಳಿದ್ದಾಗ ನಿನ್ನನ್ನು ನೀನು ಅನ್ನುತ್ತಿದ್ದೆ. ಇನ್ನು ಮೇಲೆ ಹಾಗೇ ಬರೆಯುತ್ತೇನೆ.

ನಿನ್ನ ಕಾಗದ ಓದಿದ ದಿನ ಎದೆ ಎಷ್ಟು ಹಗುರಾಯಿತು ಅಂದರೆ ನಾಚಿಕೆಯಾಯಿತು. ನಿನ್ನನ್ನು ಹೊರಗೆ ಕೂರಿಸಿದ್ದಾರೆ, ನನಗೆ ಖುಷಿ. ರಾಮುಗಾಗಿ ಇನ್ನೊಬ್ಬರು ಬಾಯಿ ಬಿಟ್ಟಿದ್ದಾರೆ ಅನ್ನುವ ಖುಷಿ. ಅದರ ಹಿಂದೆಯೇ ಹೊಸ ಭಯ ಬಂತು, ಮೂರನೆಯ ಪ್ರಶ್ನೆಗೆ ನಾನು ಏನು ಹೇಳುತ್ತೇನೆ ಅಂತ. ಹೌದು ಅನ್ನುವುದನ್ನು ದಾರಿಯುದ್ದಕ್ಕೂ ಕಲಿತುಕೊಂಡು ಹೋದೆ.

ಭಾನುವಾರ ಹೊಳೆಯ ಹತ್ತಿರ ಸುಮಾರು ಜನ ಇದ್ದರು. ಇಳಿಯುವವರು ನಾನು, ಪಾಂಡವಪುರದ ಧರ್ಮೇಂದ್ರ ಅನ್ನುವ ಹುಡುಗ, ಇನ್ನೊಬ್ಬರು ವಯಸ್ಸಾದ ಅಮ್ಮ. ನೀನು ಕಾಣಲಿಲ್ಲ. ನೀನಿದ್ದರೆ ನನಗೆ ಕಷ್ಟವಾಗುತ್ತದೆ ಅಂತ ಬಂದಿರಲಾರೆ ಅಂದುಕೊಂಡೆ. ನಮ್ಮ ಯಜಮಾನರು ಹಗ್ಗವನ್ನು ಹೆಗಲಿಗೆ ಹಾಕಿಕೊಂಡು ನೇರವಾಗಿ ಶಿವಲಿಂಗಯ್ಯನವರ ಹತ್ತಿರ ಹೋಗಿ ಈಜು ಬರುತ್ತದಾ ಅಂತ ಕೇಳಿಯೇಬಿಟ್ಟರು. ಅವರು ನಗಲಿಲ್ಲ. ಹೇಮಾವತಿಯಲ್ಲಿ ಈಜಿ ಬೆಳೆದವನು ಕಣಪ್ಪ ಅಂದರು. ಇವರಿಗೆ ಸಮಾಧಾನವಾಗದೆ ತಾವೇ ಪ್ಯಾಂಟು ಮಡಚಿ ಇಳಿದು ನೆಲ ತುಳಿದು ನೋಡಿ ಬಂದರು.

ಹಾಡಿದರು. ನನ್ನನ್ನು ಮುಂದೆ ಕರೆದರು. ನೀರು ಪಾದಕ್ಕೆ ತಾಗುತ್ತಿತ್ತು. ಮೊದಲನೆಯದಕ್ಕೆ ಹೌದು ಅಂದೆ. ಗಟ್ಟಿಯಾಗಿ ಅಂದೆ, ಅದರಲ್ಲಿ ನನಗೆ ಅನುಮಾನವಿಲ್ಲ. ಎರಡನೆಯದಕ್ಕೂ ಅಂದೆ. ಮೂರನೆಯದು ಕೇಳಿದರು. ಹೌದು ಅನ್ನುವುದು ಬಾಯಿಯ ತನಕ ಬಂತು. ಆಗ ಯೋಚನೆ ಬಂತು, ಹಳೆಯ ಮನುಷ್ಯನನ್ನು ಹೂಳಲು ಬಂದಿದ್ದೇನೆ, ಎದ್ದು ಬರುವ ಹೊಸಬಳ ಮೊದಲ ಮಾತೇ ಸುಳ್ಳಾಗುತ್ತದೆ ಅಂತ. ನೀನು ಬೇಡ ಅಂದಿದ್ದೆ, ನಾನು ಕೇಳಲಿಲ್ಲ.

“ನನ್ ತಮ್ಮ ರಾಮುಗೋಸ್ಕರ ದಿನಾ ಪ್ರಾರ್ಥ್ನೆ ಮಾಡ್ತೀನಿ ಅಣ್ಣ. ಬುಡಾಕಾಗಲ್ಲ,” ಅಂದೆ.

ಶಿವಲಿಂಗಯ್ಯನವರು ನನ್ನ ಕೈ ಹಿಡಿದುಕೊಂಡಿದ್ದರು. ಬಿಡಲೂ ಇಲ್ಲ, ಮುಂದಕ್ಕೆ ಕರೆದುಕೊಂಡು ಹೋಗಲೂ ಇಲ್ಲ. ಹಾಡು ನಿಂತಿತು. ನಿನ್ನ ಹೆಸರನ್ನು ನಾನು ಎತ್ತಲಿಲ್ಲ, ಆದರೆ ಸರಸಮ್ಮನ ಅಣ್ಣನ ಮಗಳು ಅಂತ ಅವರಿಗೆ ಗೊತ್ತು. ಅವರ ಕಣ್ಣು ಒದ್ದೆಯಾಗಿತ್ತು, ನಾನು ನೋಡಿದೆ.

“ನಮ್ಮಪ್ಪನೂ ಅಂಗೇ ಓಗ್ಬುಟ್ರು ಕಣವ್ವ, ನಾನು ಯೇಸು ವಿಷ್ಯ ಯೋಳಕ್ಕೆ ಮೊದ್ಲೇ,” ಅಂದರು ಮೆಲ್ಲಗೆ. “ನಿಂಗೇನೂ ಅನ್ನಲ್ಲ. ಆದ್ರೆ ಈಗ ಇಳಿಸಾಕಾಗಲ್ಲ.”

ಸಭೆ ಒಪ್ಪುವ ತನಕ ಇನ್ನೂ ಕಲಿಯಬೇಕು, ಕಾಯಬೇಕು ಅಂದರು. ದಡಕ್ಕೆ ವಾಪಸ್ಸು ಬಂದೆ. ಧರ್ಮೇಂದ್ರ ಇಳಿದ, ಮುಳುಗಿದ, ಎದ್ದ. ಆ ಅಮ್ಮನೂ ಎದ್ದರು, ಮುಖದ ಮೇಲೆ ನೀರು ಇಳಿಯುತ್ತಿತ್ತು, ಮಗುವಿನ ಹಾಗೆ ನಗುತ್ತಿದ್ದರು. ನನಗೆ ಹೊಟ್ಟೆಕಿಚ್ಚಾಯಿತು ಅತ್ತೆ. ಅಷ್ಟು ದಿನ ಹೆದರಿದ ನೀರು ಆವತ್ತು ನನಗೆ ಬೇಕಾಗಿತ್ತು.

ನಮ್ಮ ಯಜಮಾನರಿಗೆ ಸಿಟ್ಟು ಬಂದಿತ್ತು. ಇಷ್ಟು ದೂರ ಕರೆಸಿ ಮುಳುಗಿಸುವುದಿಲ್ಲ ಅಂದರೆ ಏನರ್ಥ ಅಂತ ಹಗ್ಗ ಸುತ್ತುತ್ತಾ ಗೊಣಗಿದರು. ತನಗೆ ಸರಿಕಾಣದ ದಾರಿ ತಪ್ಪಿತಲ್ಲ ಅಂತ ಸಂತೋಷ ಪಡಬೇಕಾದ ಮನುಷ್ಯ. ಗಾಡಿಯಲ್ಲಿ ಬಹಳ ದೂರ ಬಂದ ಮೇಲೆ ನೀನು ಹೌದು ಅಂದಿದ್ದರೆ ಯಾರಿಗೆ ಗೊತ್ತಾಗುತ್ತಿತ್ತು ಅಂತ ಕೇಳಿದರು. ರಾಮುಗೆ ಅಂದೆ.

ಸಭೆ ಬಿಡುತ್ತೇನೆ ಅಂತ ತಿಳಿಯಬೇಡ. ನಂಬಿದ್ದು ನಂಬಿದ್ದೇ. ಒಪ್ಪುತ್ತಾರೋ ಇಲ್ಲವೋ, ಅವ್ವ ನನ್ನನ್ನು ಮತ್ತೆ ಮನೆಗೆ ಕರೆಯುತ್ತಾಳೋ ಇಲ್ಲವೋ, ಒಂದೂ ತಿಳಿಯದು. ನೆಮ್ಮದಿಯಾಗಿದ್ದೇನೆ ಅಂತ ಬರೆದರೆ ನಿನ್ನ ಹಾಗೆ ಸುಳ್ಳು ಬರೆದಂತೆ. ಹೆದರಿಕೆಯಿದೆ.

ಈ ಭಾನುವಾರ ನಾಗಮಂಗಲಕ್ಕೆ ಬರುತ್ತಿದ್ದೇನೆ. ಇವರು ಗಾಡಿಯಲ್ಲಿ ಇಳಿಸಿ ಹೊರಗೆ ಕಾಯುತ್ತಾರಂತೆ. ಆ ರೊಟ್ಟಿ ನನಗೂ ಬೇಕು ಅತ್ತೆ, ಬಹಳ ಬೇಕು. ಆದರೆ ನನ್ನ ತಮ್ಮನನ್ನು ಹೊರಗೆ ನಿಲ್ಲಿಸಿ ನಾನೊಬ್ಬಳೇ ಉಣ್ಣಲಾರೆ. ನಿನ್ನ ಪಕ್ಕ ಜಾಗ ಇಟ್ಟಿರು.

ಯಶೋಧ